ವೆಂಕೋಬನ ಮೋಟಾರಿಗೆ ಬ್ರೇಕು ಬಂದದ್ದು

ಹಂಪವ್ವ ಗಂಡನ ಮೋಟಾರು ಹತ್ತುವುದಿಲ್ಲವೆಂದು ಆಣೆ ಮಾಡಿದ್ದಕ್ಕೆ ಕಾರಣ ಒಂದು ಬುಟ್ಟಿ ಬದನೆಕಾಯಿ.

ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆದ ವರ್ಷ ಅದು. ದೀಪಾವಳಿಯ ಹಿಂದಿನ ಸಂತೆಯ ದಿನ ಕೊಪ್ಪಳದ ಪೇಟೆಯ ಇಳಿಜಾರಿನಲ್ಲಿ ಮೋಟಾರು ಬರುತ್ತಿದ್ದಾಗ ಹುಲಗಮ್ಮ ಎಂಬ ಕಾಯಿಪಲ್ಯದ ಮುದುಕಿ ತಲೆಯ ಮೇಲೆ ಬುಟ್ಟಿ ಹೊತ್ತು ರಸ್ತೆ ದಾಟಿದಳು. ವೆಂಕೋಬ ಬ್ರೇಕು ತುಳಿದ. ಮಾಸ್ತರರು ಮಗ್ಗಿ ಕೇಳಿದಾಗ ಹಿಂದಿನ ಸಾಲಿನ ಹುಡುಗ ತುಸು ತಡೆದು ಸೂರು ನೋಡುವಂತೆ ಮೋಟಾರು ತುಸು ತಡೆಯಿತು. ಉತ್ತರ ಹೊಳೆಯಲಿಲ್ಲವೆಂದು ಮುಂದೆ ಹೋಯಿತು. ಮುದುಕಿ ಪಕ್ಕಕ್ಕೆ ಹಾರಿದಳು. ಬುಟ್ಟಿ ಹಾರಲಿಲ್ಲ. ಮೋಟಾರು ಕ್ಷೌರದ ಅಂಗಡಿ ದಾಟಿ, ನೀರಿನ ಟಾಕಿ ದಾಟಿ, ಕೊನೆಗೆ ಯಾರದೋ ಜೋಳದ ಕಣಕಿಯ ಬಣವೆಗೆ ಮೂಗು ಊರಿ ನಿಂತಿತು.

ಹಂಪವ್ವ ಇಳಿದಳು. ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು, ಉರುಳಿದ ಬದನೆಕಾಯಿಗಳನ್ನು ಒಂದೊಂದಾಗಿ ಸೆರಗಿಗೆ ಆರಿಸಿಕೊಂಡು ಮುದುಕಿಗೆ ಒಪ್ಪಿಸಿ, ಕಾಲ್ನಡಿಗೆಯಲ್ಲೇ ಮನೆ ಸೇರಿದಳು. ಸಂಜೆ ಗಂಡನ ಮುಂದೆ ರೊಟ್ಟಿ ಇಡುವಾಗ ಹೇಳಿದ್ದು ಒಂದೇ ಮಾತು: "ಇನ್ನ ಮ್ಯಾಲೆ, ಅದು ನಿಂದ್ರು ಅಂದಲ್ಲಿ ನಿಂದ್ರೂ ತನಕ ನಾ ಅದರಾಗ ಕುಂದ್ರಂಗಿಲ್ಲ."

ಮೋಟಾರೇನೂ ಹುಟ್ಟಿನಿಂದ ಕೆಟ್ಟದ್ದಲ್ಲ. ಅದೊಂದು ಹಳೆಯ ಮಾರಿಸ್ ಮೈನರ್. ಬೆನ್ನು ಬಾಗಿದ ಆಮೆಯಂಥ ಪುಟ್ಟ ಗಾಡಿ. ಊರಿನ ಹತ್ತಿ ಬಿಡಿಸುವ ಜಿನ್ನಿನ ಸಾಹುಕಾರರೊಬ್ಬರು ಅದರ ಎಂಜಿನ್ನು ಸತ್ತಾಗ ಮಿಲಿಟರಿ ಹರಾಜಿನಲ್ಲಿ ಬಂದ ಜೀಪಿನ ಎಂಜಿನ್ನನ್ನು ಅದಕ್ಕೆ ಕೂಡಿಸಿದ್ದರು. ಅಂದಿನಿಂದ ಅದಕ್ಕೆ ಹೋರಿಯ ಓಟ ಬಂತು, ಬ್ರೇಕು ಮಾತ್ರ ಆಮೆಯದೇ ಉಳಿಯಿತು. ಸಾಹುಕಾರರು ಒಮ್ಮೆ ತಮ್ಮದೇ ಜಿನ್ನಿನ ಗೇಟನ್ನು ಮುರಿದುಕೊಂಡು ಒಳಗೆ ಹೋದ ಮೇಲೆ ಮೋಟಾರಿನ ಮೋಹ ಬಿಟ್ಟರು. ತಾಲೂಕು ಕಚೇರಿಯ ಟೈಪಿಸ್ಟ್ ವೆಂಕೋಬ ರಜೆಯ ದಿನಗಳಲ್ಲಿ ಅವರ ಅರ್ಜಿಗಳನ್ನು ಟೈಪು ಮಾಡಿಕೊಡುತ್ತಿದ್ದ. ಆ ಪ್ರೀತಿಗೆ ಮೋಟಾರು ಅವನ ಮನೆಗೆ ಬಂತು.

ಮೋಟಾರೆಂದರೆ ವೆಂಕೋಬನಿಗೆ ಇದ್ದ ಸುಖ ಒಂದೇ. ಪಕ್ಕದಲ್ಲಿ ಹಂಪವ್ವ ಕುಳಿತಿರಬೇಕು, ಎರಡೂ ಕಡೆ ಜೋಳದ ಹೊಲ ಓಡಬೇಕು, ಅವಳು ಕಿಟಕಿಯಿಂದ ಕೈ ಹೊರಗೆ ಚಾಚಿ ಗಾಳಿ ಹಿಡಿಯುವುದನ್ನು ಅವನು ಓರೆಗಣ್ಣಿನಲ್ಲಿ ನೋಡಬೇಕು. ಬದನೆಕಾಯಿಯ ನಂತರ ಆ ಸುಖ ಹೋಯಿತು. ಖಾಲಿ ಸೀಟಿನ ಪಕ್ಕ ಕುಳಿತು ಗಾಡಿ ಓಡಿಸುವುದು ಅವನಿಗೆ ಉಪ್ಪಿಲ್ಲದ ಸಾರು ಉಂಡಂತಾಗುತ್ತಿತ್ತು.

ಹೀಗಿರುವಾಗ ಗದಗ ರಸ್ತೆಯ ತಳಕಲ್ಲು ಊರಿನಲ್ಲಿ ಹಂಪವ್ವನ ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ಭಾನುವಾರ ಸಂಜೆ ಶಾಸ್ತ್ರ. ತಂಗಿಗೆಂದು ಹಂಪವ್ವ ಕಿನ್ನಾಳದಲ್ಲಿ ಗಿಳಿ, ನವಿಲು ಬರೆಸಿದ ಬಣ್ಣದ ತೊಟ್ಟಿಲು ಮಾಡಿಸಿದ್ದಳು. ಅದನ್ನು ಮಧ್ಯಾಹ್ನದ ಬಸ್ಸಿನ ಮೇಲೆ ಹೇರಿಕೊಂಡು ಹೋಗುವುದೆಂದು ಅವಳು ನಿಶ್ಚಯಿಸಿದಾಗ ವೆಂಕೋಬ ಗಂಟಲು ಸರಿಮಾಡಿಕೊಂಡು, ಬಸ್ಸಿಗಿಂತ ಮೊದಲೇ ಮೋಟಾರಿಗೆ ಬ್ರೇಕು ತರುತ್ತೇನೆ, ತಂದರೆ ಹತ್ತಬೇಕು ಎಂದ. ಹಂಪವ್ವ ಆಗಲಿ ಎಂದಳು. ಬಸ್ಸಿನ ಹೊತ್ತು ಯಾವುದೆಂದು ಮಾತ್ರ ಇನ್ನೊಮ್ಮೆ ನೆನಪಿಸಿದಳು.

ಭಾನುವಾರ ಬೆಳಿಗ್ಗೆ ವೆಂಕೋಬ ಮೋಟಾರು ಚಾಲೂ ಮಾಡುವಷ್ಟರಲ್ಲಿ ಇಬ್ಬರು ಬಂದು ಹತ್ತಿದರು. ಒಬ್ಬ ಎದುರುಮನೆಯ ತಿಮ್ಮಣ್ಣ, ಬಸ್ಸು ಓಡಿಸಿ ನಿವೃತ್ತನಾದವನು. ನಿವೃತ್ತನಾದ ಮೇಲೆ ಬೇರೆಯವರು ಓಡಿಸುವುದನ್ನು ತಿದ್ದುವುದೇ ಅವನ ಉದ್ಯೋಗವಾಗಿತ್ತು. ಇನ್ನೊಬ್ಬ ವೆಂಕೋಬನ ಕಚೇರಿಯ ಗುಮಾಸ್ತ ಅಂದಪ್ಪ. ಅವನಿಗೆ ಮೋಟಾರಿನ ವಿಷಯ ಏನೂ ತಿಳಿಯದು, ಆದರೆ ತಿಳಿಯದ ವಿಷಯದಲ್ಲೇ ಅವನ ಮಾತಿಗೆ ಹೆಚ್ಚು ಕಳೆ. ನೀವು ಯಾಕೆ ಎಂದು ವೆಂಕೋಬ ಕೇಳಿದ್ದಕ್ಕೆ, ಇಂಥ ಕೆಲಸಕ್ಕೆ ಒಬ್ಬನನ್ನೇ ಬಿಡಬಾರದು ಎಂದು ಇಬ್ಬರೂ ಒಂದೇ ದನಿಯಲ್ಲಿ ಹೇಳಿದರು.

ಗ್ಯಾರೇಜು ಇದ್ದದ್ದು ರೈಲ್ವೆ ಗೇಟಿನ ಆಚೆ. ಗೇಟು ಕಂಡಾಗ ಅದು ಬೀಳುತ್ತಿತ್ತು. ವೆಂಕೋಬ ದೂರದಿಂದಲೇ ಎಂಜಿನ್ನು ಆರಿಸಿದ. ತಿಮ್ಮಣ್ಣ ಕೆಳಗೆ ಹಾರಿ ಹಿಂದಿನ ಬಂಪರು ಹಿಡಿದು, ಓಡುವ ಕೋಣದ ಬಾಲಕ್ಕೆ ಜೋತವನಂತೆ ಬೂಟು ಉಜ್ಜುತ್ತ ಬಂದ. ಅಂದಪ್ಪ ಕೈಗೆ ಸಿಕ್ಕ ಕಲ್ಲುಗಳನ್ನು ಗಾಲಿಯ ಮುಂದೆ ಎಸೆಯುತ್ತ ಓಡಿದ. ಗಾಲಿ ಒಂದೊಂದು ಕಲ್ಲನ್ನೂ ಹತ್ತಿ ಇಳಿದು ಕುಲುಕಿತು. ಕೊನೆಗೆ ಮೋಟಾರು ಗೇಟಿನ ಅಡ್ಡಪಟ್ಟಿಗೆ ಹಣೆ ಹಚ್ಚಿ ನಿಂತಿತು. ಗೇಟಿನವನು ಹಸಿರು ಬಾವುಟವನ್ನು ಕಂಕುಳಲ್ಲಿಟ್ಟು ಕೆಂಪನ್ನು ಬಿಚ್ಚಿ ಇವರಿಗೆ ತೋರಿಸಿ, ರೈಲು ನೋಡಾಕ ಇಷ್ಟು ಸಮೀಪ ಬರೂದು ಬ್ಯಾಡ ಎಂದು ಸಮಾಧಾನದಿಂದ ಹೇಳಿದ. ಗೂಡ್ಸು ಗಾಡಿ ಹೋಗುವ ತನಕ ಮೂವರೂ ತಲೆ ತಗ್ಗಿಸಿ ನಿಂತರು.

ಗ್ಯಾರೇಜಿನ ರಾಜಾಸಾಬ ಲಾರಿಗಳ ಮಿಸ್ತ್ರಿ. ಲಾರಿಗೆ ಹೊಡೆಯುವ ಸುತ್ತಿಗೆಯನ್ನೇ ಎಲ್ಲದಕ್ಕೂ ಎತ್ತುವ ಆಸಾಮಿ, ಆದರೆ ಕೆಲಸಕ್ಕೆ ಹಿಂಜರಿದವನಲ್ಲ. ಗಂಗಾವತಿಯ ಭತ್ತದ ಗಿರಣಿಯ ಹಿಂದೆ ಮುರಿದು ಬಿದ್ದಿದ್ದ ಒಂದು ಅಂಬಾಸಡರ್ ಕಾರಿನ ಬ್ರೇಕುಗಳನ್ನು ಅವನು ಬಿಚ್ಚಿ ತಂದಿಟ್ಟಿದ್ದ. ಮೈನರಿನ ಬ್ರೇಕಿನ ಡಬ್ಬಿ ಚಹಾದ ಬಸಿಯಷ್ಟಿದ್ದರೆ, ಇದು ಊಟದ ತಾಟಿನಷ್ಟಿತ್ತು.

"ಫಿಕರ್ ಮಾಡಬ್ಯಾಡ್ರಿ," ಎಂದ ರಾಜಾಸಾಬ. "ಇದನ್ನ ಕೂಡಿಸಿದ್ರ ಆನಿ ಓಡಿ ಬಂದ್ರೂ ನಿಂದ್ರತೈತಿ."

ಕೂಡಿಸಲು ಹೋದಾಗ ಮೊದಲ ತೊಡಕು ಎದುರಾಯಿತು. ಮೈನರಿನ ಗಾಲಿಗೆ ನಾಲ್ಕು ಬೋಲ್ಟು, ಅಂಬಾಸಡರಿನ ಡಬ್ಬಿಗೆ ಐದು. ಒಂದು ಬೋಲ್ಟನ್ನು ಬಿಟ್ಟುಬಿಡಬಹುದಲ್ಲ ಎಂದು ಅಂದಪ್ಪ ಸೂಚಿಸಿದ. ಯಾವುದನ್ನು ಎಂದು ತಿಮ್ಮಣ್ಣ ಕೇಳಿದ. ಆ ಚರ್ಚೆ ಮುಗಿಯುವ ಮೊದಲೇ ರಾಜಾಸಾಬ ಅಂಬಾಸಡರಿನ ಗಾಲಿಗಳನ್ನೇ ಉರುಳಿಸಿಕೊಂಡು ಬಂದ. ಆ ಗಾಲಿ ದೊಡ್ಡದು, ಮಡ್‌ಗಾರ್ಡಿಗೆ ತಾಗಿತು. ಮಡ್‌ಗಾರ್ಡು ಕತ್ತರಿಸಿದ. ಗಾಲಿ ದೊಡ್ಡದಾದ್ದರಿಂದ ಗಾಡಿ ಎತ್ತರವಾಯಿತು. ತಂದೆಯ ಚಪ್ಪಲಿ ಮೆಟ್ಟಿದ ಕೂಸಿನಂತೆ ಮೋಟಾರು ನಾಚಿಕೊಂಡು ನಿಂತಿತು. ಇಷ್ಟಾದ ಮೇಲೆ ಬ್ರೇಕಿಗೆ ಎಣ್ಣೆ ತಳ್ಳುವ ಹಳೆಯ ಸಿಲಿಂಡರು ಇಷ್ಟು ದೊಡ್ಡ ಡಬ್ಬಿಗಳಿಗೆ ಸಾಲದೆಂದು ಗೊತ್ತಾಯಿತು. ದೊಡ್ಡ ಸಿಲಿಂಡರು ತಂದರೆ ಅದು ತಳದಲ್ಲಿ ಹಿಡಿಸದು. ತಳಕ್ಕೆ ತೂತು ಕೊರೆದ. ತೂತಿನಿಂದ ಮೇಲೆ ಬರಲು ಹಳೆಯ ಪೆಡಲು ಗಿಡ್ಡವಾಯಿತು. ಒಂದು ಲಾರಿಯ ಪೆಡಲು ಬಂತು.

ವೆಂಕೋಬ ಒಂದು ಮುರುಕು ಟೈರಿನ ಮೇಲೆ ಕುಳಿತು ನೋಡುತ್ತಿದ್ದ. ಬ್ರೇಕಿಗೆಂದು ಬಂದವನ ಮೋಟಾರು ಕಣ್ಣ ಮುಂದೆಯೇ ತುಂಡು ತುಂಡಾಗಿ ಬೇರೆಯವರ ಪಾಲಾಗುತ್ತಿತ್ತು. ಅವನ ಮುಖ ನೋಡಿ ರಾಜಾಸಾಬ, ಇನ್ನೊಂದು ತಾಸು ಕುಂತ್ರ ಪೂರಾ ಅಂಬಾಸಡರ್ ತಗೊಂಡು ಹೋಗಬಹುದು ಎಂದು ನಕ್ಕ. ಬಿಸಿಲು ಏರುತ್ತಿತ್ತು, ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು. ವೆಂಕೋಬನಿಗೆ ನಗು ಬರಲಿಲ್ಲ.

ಕೆಲಸ ಮುಗಿಸಿ ಪರೀಕ್ಷೆಗೆ ಹೊರಟರು. ಬ್ರೇಕು ತುಳಿದದ್ದೇ ತಡ, ಎಡಗಾಲಿ ಗಟ್ಟಿಯಾಗಿ ಹಿಡಿಯಿತು, ಬಲಗಾಲಿಗೆ ಇನ್ನೂ ಮನಸ್ಸಿರಲಿಲ್ಲ. ಮೋಟಾರು ಗರಕ್ಕನೆ ಎಡಕ್ಕೆ ತಿರುಗಿ ರಸ್ತೆ ಬಿಟ್ಟು, ಚಹಾದಂಗಡಿಯ ಚಪ್ಪರದೊಳಗೆ ಹೊಕ್ಕು ಎರಡು ಬೆಂಚುಗಳ ನಡುವೆ ನಿಂತಿತು. ಅಂಗಡಿಯವನು ಸೋಸುತ್ತಿದ್ದ ಚಹಾವನ್ನು ನಿಲ್ಲಿಸದೆ, ನಾಲ್ಕು ಮಂದಿಗೇನ್ರಿ ಎಂದು ಕೇಳಿದ. ಬಂದಾಗಿತ್ತು, ಕುಡಿದೇ ಹಿಂದಕ್ಕೆ ತಳ್ಳಿದರು.

ರಾಜಾಸಾಬ ಬಲಗಾಲಿಯನ್ನು ಬಿಗಿ ಮಾಡಿದ. ಈಗ ಮೋಟಾರು ನೇರವಾಗಿ ನಿಂತಿತು. ಅಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು. ಆದರೆ ವೆಂಕೋಬನ ಕಣ್ಣ ಮುಂದೆ ಬದನೆಕಾಯಿ ಇನ್ನೂ ಉರುಳುತ್ತಿತ್ತು. ಇನ್ನೊಂದಿಷ್ಟು ಬಿಗಿ ಮಾಡ್ರಿ ಎಂದ. ರಾಜಾಸಾಬ ಮಾಡಿದ. ಪೆಡಲು ಮುಟ್ಟಿದರೆ ಸಾಕು, ಹಿಡಿಯಬೇಕು, ಸ್ವಲ್ಪವೂ ಸಡಿಲ ಇರಬಾರದು ಎಂದು ತಿಮ್ಮಣ್ಣ ಹೇಳಿದ. ರಾಜಾಸಾಬ ಮತ್ತೂ ತಿರುವಿದ. ತನ್ನದೂ ಒಂದು ಮಾತಿರಲಿ ಎಂದು ಅಂದಪ್ಪ ಇನ್ನೊಂದು ತಿರುವು ಹಾಕಿಸಿದ. ಇವರೆಲ್ಲ ಹೇಳಿದ ಮೇಲೆ ತಾನು ಹಿಂದೆ ಬೀಳಬಾರದೆಂದು ರಾಜಾಸಾಬ ತನ್ನ ಕಡೆಯಿಂದಲೂ ಒಂದು ಸುತ್ತು ಬಿಗಿದು ಪಾನಾ ಕೆಳಗಿಟ್ಟ.

ಓಣಿಗೆ ಬಂದಾಗ ಹಂಪವ್ವ ಹಸಿರು ಇಳಕಲ್ ಸೀರೆ ಉಟ್ಟು, ತೊಟ್ಟಿಲನ್ನು ಕಟ್ಟೆಯ ಮೇಲಿಟ್ಟು, ಬುತ್ತಿಯ ಗಂಟು ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಟು ನಿಂತಿದ್ದಳು. ಪಕ್ಕದಲ್ಲಿ ತಿಮ್ಮಣ್ಣನ ಹೆಂಡತಿ ಪಕ್ಕೀರವ್ವ ಇದ್ದಳು. ಮೋಟಾರಿನ ಹೊಸ ಎತ್ತರ ನೋಡಿ ಪಕ್ಕೀರವ್ವ, ಬ್ರೇಕ್ ಹಾಕಸ್ಯಾರೋ ಮರಗಾಲು ಕಟ್ಟಸ್ಯಾರೋ ಎಂದು ಕೇಳಿದಳು. ಹಂಪವ್ವ ಒಳಗೆ ಹೋಗಿ ಹಿತ್ತಾಳೆಯ ಕೊಡ ತುಂಬಿ ತಂದು ಓಣಿಯ ನಟ್ಟನಡುವೆ ಇಟ್ಟಳು.

"ಆ ಬೇವಿನ ಗಿಡದಿಂದ ಜೋರಾಗಿ ಬರ್ರಿ," ಎಂದಳು. "ಕೊಡದ ಮುಂದ ನಿಲ್ಲಸ್ರಿ."

ಆ ಕೊಡ ಅವಳ ತಾಯಿ ಕೊಟ್ಟದ್ದು. ಓಣಿಯ ಜನ ಕಟ್ಟೆಗಳ ಮೇಲೆ ಜಾಗ ಹಿಡಿದರು. ವೆಂಕೋಬ ಹಿಂದಕ್ಕೆ ಹೋಗಿ, ಹಲ್ಲು ಕಚ್ಚಿ, ಧೂಳೆಬ್ಬಿಸುತ್ತ ಬಂದ. ಕೊಡ ದೊಡ್ಡದಾಗುತ್ತ ಬಂತು. ಅವನ ಕಾಲು ಪೆಡಲಿಗೆ ತಾಗಿತು, ಅಷ್ಟೇ. ಮೋಟಾರು ಗೂಟ ಹೊಡೆದಂತೆ ನಿಂತಿತು. ಕೊಡಕ್ಕೂ ಬಂಪರಿಗೂ ನಡುವೆ ಒಂದು ಗೇಣು ಜಾಗವಿತ್ತು. ಕೊಡದೊಳಗಿನ ನೀರು ಅಲುಗಿರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಅಂದಪ್ಪ ಮಾತ್ರ ಮುಂದಿನ ಸೀಟಿಗೆ ಬಂದಿದ್ದ.

ಹಂಪವ್ವ ಮೋಟಾರನ್ನು ಒಂದು ಸುತ್ತು ಹಾಕಿದಳು. ಕೊಡ ಎತ್ತಿ, ಮನೆಗೆ ಬಂದ ಸೊಸೆಯ ಕಾಲಿಗೆ ಸುರಿಯುವಂತೆ ಮುಂದಿನ ಎರಡೂ ಗಾಲಿಗೆ ನೀರು ಸುರಿದಳು. ಗಾಲಿಗಳು ಚುರ್ ಎಂದು ಉಗಿ ಬಿಟ್ಟವು. ಶುಭವಾಯಿತೆಂದು ಎಲ್ಲರೂ ತಿಳಿದರು. ವೆಂಕೋಬ ಮಾತ್ರ ಹೆಂಡತಿಯ ಮುಖ ನೋಡುತ್ತಿದ್ದ. ಆ ಮುಖದಲ್ಲಿ ಬಹಳ ದಿನಗಳ ಮೇಲೆ ಕಿಟಕಿಯಿಂದ ಗಾಳಿ ಹಿಡಿಯುವ ಕಳೆ ಬಂದಿತ್ತು.

"ಛಲೋ ಆತು," ಎಂದಳು ಹಂಪವ್ವ. "ನಡೀರಿ, ಹೋಗೂಣು."

ತೊಟ್ಟಿಲು ಹಿಂದಿನ ಸೀಟಿನ ಅರ್ಧ ಹಿಡಿಯಿತು. ಉಳಿದರ್ಧದಲ್ಲಿ ಪಕ್ಕೀರವ್ವ ಕುಳಿತಳು. ಅವಳಿಗೂ ಕರೆ ಬಂದಿತ್ತು, ಬಸ್ಸು ಅವಳಿಗೆ ಆಗಿಬರುತ್ತಿರಲಿಲ್ಲ. ತೊಟ್ಟಿಲು ಅಲುಗಾಡಿ ಬಣ್ಣ ಹೋದೀತೆಂದು ಅದನ್ನು ಹಿಡಿದುಕೊಳ್ಳಲು ಅಂದಪ್ಪ ತೊಟ್ಟಿಲಿಗೂ ಅವಳಿಗೂ ನಡುವೆ ತೂರಿಕೊಂಡ. ಮುಂದೆ ಹಂಪವ್ವ ಬುತ್ತಿಯ ಗಂಟಿನೊಂದಿಗೆ ಕುಳಿತಳು. ವೆಂಕೋಬ ತಲೆ ಬಾಚಿಕೊಂಡು ಬರಲು ಒಳಗೆ ಹೋಗಿದ್ದ. ಬಂದು ನೋಡಿದರೆ ಸ್ಟೇರಿಂಗಿನ ಹಿಂದೆ ತಿಮ್ಮಣ್ಣ ಕುಳಿತಿದ್ದ.

ತಿಮ್ಮಣ್ಣನ ವಾದ ಸರಳವಾಗಿತ್ತು. ಇದು ಈಗ ಹಳೆಯ ಮೋಟಾರಲ್ಲ. ಪೆಡಲು ಲಾರಿಯದು; ಟೈಪು ಹೊಡೆಯುವ ಮೈಗೆ ಒಗ್ಗುವಂಥದ್ದಲ್ಲ. ಹೆಂಗಸರಿದ್ದಾರೆ, ತೊಟ್ಟಿಲಿದೆ. ಇವತ್ತೊಂದು ದಿನ ಕೈ ಪಳಗಿದವರು ಓಡಿಸಲಿ. ವೆಂಕೋಬ ಹೆಂಡತಿಯ ಕಡೆ ನೋಡಿದ. ಹಂಪವ್ವ ಕ್ಷಣ ಯೋಚಿಸಿ, ತಿಮ್ಮಣ್ಣ ಕಾಕಾ ಆಯುಷ್ಯಪೂರ್ತಿ ಬಸ್ಸು ಹೊಡೆದವರು, ಅದೂ ಖರೆ ಎಂದಳು. ಹಿಂದೆ ಜಾಗವಿದೆಯೇ ಎಂದು ವೆಂಕೋಬ ಇಣುಕಿದ. ತೊಟ್ಟಿಲೊಳಗಷ್ಟೇ ಜಾಗವಿತ್ತು.

ಹೀಗೆ ಮೋಟಾರು ಅವನ ಹೆಂಡತಿಯನ್ನು ಕೂರಿಸಿಕೊಂಡು ಅವನನ್ನು ಬಿಟ್ಟು ಹೋಯಿತು. ತಿರುವಿನಲ್ಲಿ ಹಂಪವ್ವ ಕಿಟಕಿಯಿಂದ ಕೈ ಚಾಚಿದ್ದು ಕಂಡಿತು. ತನಗೆ ಬೀಸಿದಳೋ ಗಾಳಿ ಹಿಡಿದಳೋ ಅವನಿಗೆ ತಿಳಿಯಲಿಲ್ಲ.

ಬಸ್‌ಸ್ಟ್ಯಾಂಡಿಗೆ ಹೋದರೆ ಬಸ್ಸು ಆಗಲೇ ಬಿಟ್ಟಿತ್ತು. ಗದಗ ರಸ್ತೆಗೆ ಬಂದು ನಿಂತ. ತಳಕಲ್ಲಿನ ಹುಚ್ಚೀರಪ್ಪ ಪೇಟೆಗೆ ಶೇಂಗಾ ಹಾಕಿ ಖಾಲಿ ಟ್ರೇಲರಿನೊಂದಿಗೆ ಟ್ರ್ಯಾಕ್ಟರ್ ಹೊಡೆದುಕೊಂಡು ಬರುತ್ತಿದ್ದ. ವೆಂಕೋಬ ಕೈ ಎತ್ತಿದ. ಟ್ರ್ಯಾಕ್ಟರ್ ನಿಲ್ಲಲಿಲ್ಲ, ನಿಧಾನವಾಯಿತು. ಓಡಿ ಬಂದು ಹತ್ತುವಂತೆ ಹುಚ್ಚೀರಪ್ಪ ಸನ್ನೆ ಮಾಡಿದ. ವೆಂಕೋಬ ಓಡಿ ಹತ್ತಿದ.

ಟ್ರ್ಯಾಕ್ಟರ್ ಇಳಿಜಾರಿನಲ್ಲಿ ಬಹಳ ಉಲ್ಲಾಸದಿಂದ ಓಡುವುದನ್ನು ವೆಂಕೋಬ ಗಮನಿಸಿದ. ದನಗಳು ಅಡ್ಡ ಬಂದಾಗ ಹುಚ್ಚೀರಪ್ಪ ಹಾರನ್ನು ಹೊಡೆಯುತ್ತಿದ್ದನೇ ಹೊರತು ಕಾಲು ಎತ್ತಿ ಏನನ್ನೂ ತುಳಿಯುತ್ತಿರಲಿಲ್ಲ. ಅನುಭವಿಯಾದ ವೆಂಕೋಬನಿಗೆ ಅನುಮಾನ ಬಂತು. ಬ್ರೇಕು ಹೇಗಿವೆ ಎಂದು ಕಿವಿಯಲ್ಲಿ ಕೂಗಿ ಕೇಳಿದ. ಹೋದ ಸುಗ್ಗಿಯಲ್ಲೇ ಹೋಗಿವೆ, ಏರು ಬಂದರೆ ತಾನೇ ನಿಲ್ಲುತ್ತದೆ ಎಂದು ಹುಚ್ಚೀರಪ್ಪ ಕೂಗಿ ಹೇಳಿದ.

ಅರ್ಧ ದಾರಿಯ ದೊಡ್ಡ ಏರಿನಲ್ಲಿ ಅದು ನಿಜವಾಗಿಯೂ ತಾನೇ ನಿಂತಿತು. ಅಲ್ಲೇ ವೆಂಕೋಬನ ಮೋಟಾರೂ ನಿಂತಿತ್ತು.

ನಾಲ್ಕು ಗಾಲಿಗಳಿಂದಲೂ ಸಣ್ಣಗೆ ಹೊಗೆ ಏಳುತ್ತಿತ್ತು. ಪಕ್ಕೀರವ್ವ ಜಾಲಿಯ ನೆರಳಿನಲ್ಲಿ ಕಾಲು ನೀಡಿ ಕುಳಿತಿದ್ದಳು. ಅಂದಪ್ಪ ತೊಟ್ಟಿಲು ಹಿಡಿದೇ ನಿಂತಿದ್ದ. ತಿಮ್ಮಣ್ಣ ಅಂಗಿ ಬಿಚ್ಚಿ ಗಾಲಿಗೆ ಗಾಳಿ ಹಾಕುತ್ತಿದ್ದ. ಆದದ್ದು ಇಷ್ಟು: ಪೇಟೆ ದಾಟಿದಾಗಿನಿಂದ ಮೋಟಾರಿನ ಓಟ ಕುಂದುತ್ತ ಬಂದಿತ್ತು. ಹಿಡಿದ ಬ್ರೇಕು ಪೂರ್ತಿ ಬಿಡುತ್ತಿರಲಿಲ್ಲ, ಉಜ್ಜಿ ಉಜ್ಜಿ ಕಾದು ಮತ್ತಷ್ಟು ಹಿಡಿಯುತ್ತಿತ್ತು. ಏರಿನ ಅರ್ಧಕ್ಕೆ ಬಂದು ಪೂರ್ತಿ ಹಿಡಿದುಬಿಟ್ಟಿತು. ಜೀಪಿನ ಎಂಜಿನ್ನು ಎಷ್ಟು ಗುಡುಗಿದರೂ ಗಾಲಿ ಅಲ್ಲಾಡಲಿಲ್ಲ. ನಾಲ್ವರೂ ತಳ್ಳಿ ನೋಡಿದ್ದರು, ಗುಡ್ಡ ತಳ್ಳಿದಂತಾಗಿತ್ತು.

ಸೂರ್ಯ ಪಶ್ಚಿಮಕ್ಕೆ ಇಳಿಯುತ್ತಿದ್ದ. ಶಾಸ್ತ್ರಕ್ಕೆ ತೊಟ್ಟಿಲೇ ಇಲ್ಲದಂತಾಗುವ ಹೊತ್ತು. ಹಂಪವ್ವ ಟ್ರ್ಯಾಕ್ಟರ್ ನೋಡಿದ್ದೇ, ತೊಟ್ಟಿಲನ್ನು ಟ್ರೇಲರಿಗೆ ಏರಿಸಿರಿ ಎಂದು ಅಂದಪ್ಪನಿಗೆ ಹೇಳಿದಳು. ಪಕ್ಕೀರವ್ವ ಎದ್ದಳು. ತಿಮ್ಮಣ್ಣ ಅಂಗಿ ತೊಟ್ಟ. ಹಂಪವ್ವ ತಾನೂ ಗಾಲಿಯ ಮೇಲೆ ಕಾಲಿಟ್ಟು ಹತ್ತಲು ಹೋದಾಗ ವೆಂಕೋಬನ ಮನಸ್ಸು ತಡೆಯಲಿಲ್ಲ. ಹೆಂಡತಿಯ ಆಣೆ ಅವನಿಗೆ ಸಣ್ಣದಾಗಿರಲಿಲ್ಲ.

"ಹಂಪವ್ವ, ಒಂದು ಮಾತು ಹೇಳತೀನಿ," ಎಂದ. "ಇದಕ್ಕ ಬ್ರೇಕ್ ಇಲ್ಲ. ಒಂದೂ ಇಲ್ಲ."

ಹಂಪವ್ವ ಟ್ರ್ಯಾಕ್ಟರ್ ನೋಡಿದಳು, ಹುಚ್ಚೀರಪ್ಪನನ್ನು ನೋಡಿದಳು, ಏರಿನಲ್ಲಿ ಹೊಗೆಯಾಡುತ್ತ ನಿಂತ ಮೋಟಾರನ್ನು ನೋಡಿದಳು.

"ಹೋಗತೈತಲ್ಲ?" ಎಂದಳು. "ಇವತ್ತಿಗೆ ಅಷ್ಟಾದ್ರ ಸಾಕ್ರಿ." ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಲೆ ಹತ್ತಿ ತೊಟ್ಟಿಲಿಗೆ ಒರಗಿ ಕುಳಿತಳು.

ವೆಂಕೋಬ ತಾನೂ ಹತ್ತಲು ಕೈ ಚಾಚಿದ. ತಿಮ್ಮಣ್ಣ ತಡೆದ. ಹೀಗೆ ನಡುರಸ್ತೆಯಲ್ಲಿ ಮೋಟಾರು ಬಿಟ್ಟು ಹೋಗುವುದು ಸರಿಯಲ್ಲ, ಒಬ್ಬರು ಕಾಯಬೇಕು ಎಂದ. ತಾನೇ ಕಾಯುತ್ತಿದ್ದೆ, ಆದರೆ ತಾನು ಬರೀ ಡ್ರೈವರು, ಗಾಡಿಯ ಮಾಲಕರು ವೆಂಕೋಬ ಅವರು ಎಂದು ಬಹಳ ಮರ್ಯಾದೆಯಿಂದ ಸೇರಿಸಿದ. ಮೋಟಾರು ಬಂದಾಗಿನಿಂದ ಯಾರೂ ವೆಂಕೋಬನನ್ನು ಮಾಲಕರು ಎಂದು ಕರೆದಿರಲಿಲ್ಲ. ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ಹಂಪವ್ವ ಬುತ್ತಿ ಬಿಚ್ಚಿ ಹೋಳಿಗೆಗಳನ್ನು ಎಲೆಯಲ್ಲಿ ಸುತ್ತಿ ಅವನಿಗೆ ಕೊಟ್ಟಳು. ಶಾಸ್ತ್ರ ಮುಗಿದ ಕೂಡಲೇ ಎತ್ತು ಹೂಡಿಸಿ ಕಳಿಸುತ್ತೇನೆ ಎಂದಳು. "ಅಲ್ಲಿ ತನಕ ಇಲ್ಲೇ ಇರ್ರಿ. ಹೊಟ್ಟಿ ಹಸಿಸಿಕೋಬ್ಯಾಡ್ರಿ," ಎಂದು ತುಸು ನಕ್ಕಳು. ಟ್ರೇಲರು ಏರು ಹತ್ತಿ, ನೆತ್ತಿ ದಾಟಿ, ಆಚೆಯ ಇಳಿಜಾರಿಗೆ ಬಿದ್ದಾಗ ಪಕ್ಕೀರವ್ವ ಶಾಸ್ತ್ರಕ್ಕೆಂದು ಆಗಲೇ ಹಾಡತೊಡಗಿದ್ದ ಜೋಗುಳ ನಡುಗುತ್ತ ಜೋರಾಗಿ, ಬಹಳ ಜೋರಾಗಿ ಕೇಳಿ, ದೂರವಾಯಿತು.

ವೆಂಕೋಬ ಡ್ರೈವರ್ ಸೀಟಿನಲ್ಲಿ ಕುಳಿತು ಹೋಳಿಗೆ ಮುರಿದ. ಕುಸುಬಿಯ ಹೊಲದ ಮೇಲಿಂದ ತಂಪು ಗಾಳಿ ಬರುತ್ತಿತ್ತು. ಹೋಳಿಗೆಯಲ್ಲಿ ಬೆಲ್ಲ ಹದವಾಗಿ ಬಿದ್ದಿತ್ತು. ಬೇಸರ ಪಟ್ಟುಕೊಳ್ಳಬೇಕೆಂದು ಕುಳಿತವನಿಗೆ ಅದು ಸರಿಯಾಗಿ ಬರಲಿಲ್ಲ. ಕುರಿ ಹಿಂಡಿನೊಂದಿಗೆ ಮಾರೆಪ್ಪನೆಂಬ ಕುರುಬ ಬಂದ. ವೆಂಕೋಬ ಅವನಿಗೂ ಒಂದು ಹೋಳಿಗೆ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡ. ಕುರಿಗಳು ಮೋಟಾರಿನ ಹಿಂದೆ ರಸ್ತೆಯ ಮೇಲೆ ಬಿಸಿ ಹಿಡಿದಿದ್ದ ಡಾಂಬರಿಗೆ ಹೊಟ್ಟೆ ಹಚ್ಚಿ ಮಲಗಿದವು.

ಬೆಳಕು ತಗ್ಗುತ್ತಿದ್ದಂತೆ ಗಾಲಿಗಳಲ್ಲಿ ಟಕ್ಕೆಂದು ಒಂದು ಸದ್ದಾಯಿತು. ತಣ್ಣಗಾದ ಬ್ರೇಕು ಹಿಡಿತ ಬಿಟ್ಟಿತ್ತು. ವೆಂಕೋಬನ ಮುಖ ಅರಳಿತು. ಇನ್ನೂ ಹೊತ್ತಿದೆ, ಶಾಸ್ತ್ರಕ್ಕೆ ಮುಟ್ಟಬಹುದು, ಬರುವಾಗ ಹಂಪವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರಬಹುದು ಎಂದುಕೊಳ್ಳುವಷ್ಟರಲ್ಲಿ ಮೋಟಾರು ಏರಿನಿಂದ ಹಿಂದಕ್ಕೆ, ಮಲಗಿದ ಕುರಿಗಳ ಕಡೆ ಉರುಳತೊಡಗಿತು. ಅವನು ಎರಡೂ ಕಾಲಿನಿಂದ ಪೆಡಲು ತುಳಿದ.

ಮೋಟಾರು ನಿಂತಿತು. ಕೊನೆಯ ಕುರಿಯ ಬಾಲಕ್ಕೂ ಬಂಪರಿಗೂ ನಡುವೆ ಬೆರಳು ತೂರುವಷ್ಟು ಜಾಗವಿತ್ತು. ಕುರಿಗೆ ಎಚ್ಚರವಾಗಲಿಲ್ಲ. ವೆಂಕೋಬ ನಿಧಾನವಾಗಿ ಕಾಲು ತೆಗೆದು ನೋಡಿದ. ಪೆಡಲು ಮೇಲೆ ಬರಲಿಲ್ಲ. ನಾಲ್ಕೂ ಗಾಲಿ ಮತ್ತೆ ಹಿಡಿದುಕೊಂಡಿದ್ದವು.

ಮಾರೆಪ್ಪ ಕೆಳಗಿಳಿದು ಹೋಗಿ, ಬಗ್ಗಿ ನೋಡಿ, ಕುರಿಯ ಬೆನ್ನು ಸವರಿ ಬಂದು ಮತ್ತೆ ಪಕ್ಕದಲ್ಲಿ ಕುಳಿತ.

"ಬ್ರೇಕ್ ಭಾಳ ಛಲೋ ಅದಾವ್ರಿ," ಎಂದ.

ಬೆಳಗಿನಿಂದ ಆ ಮಾತನ್ನು ಯಾರೂ ಅಂದಿರಲಿಲ್ಲ. ವೆಂಕೋಬ ಎಲೆಯಲ್ಲಿ ಉಳಿದಿದ್ದ ಹೋಳಿಗೆಯನ್ನೂ ಅವನಿಗೇ ಕೊಟ್ಟ.